ಗುದನಾಳದ ಕ್ಯಾನ್ಸರ್: ಜೀವನಪೂರ್ತಿ ಹೊಟ್ಟೆಗೆ ಚೀಲ ಕಟ್ಟಿಕೊಳ್ಳಲೇಬೇಕಾ?

ಬಾಗಲಕೋಟೆ: ಸಂಡಾಸಿಗೆ ಹೋದಾಗ ರಕ್ತ ಬಂತೆಂದರೆ ಈ ಕಡೆ ಅದು ಮೂಲವ್ಯಾಧಿಯೇ. ಇಳಕಲ್‌ನಲ್ಲಿ ಮಗ್ಗದ ಮುಂದೆ ಕೂತವರಾಗಲಿ, ಬಾದಾಮಿ, ಹುನಗುಂದದಲ್ಲಿ ಗಲ್ಲಾ ಮುಂದೆ ಕೂತವರಾಗಲಿ, ‘ಕುಂತು ಕುಂತು ಉಷ್ಣ ಆಗೈತಿ’ ಅಂತ ಮೆಡಿಕಲ್‌ನಿಂದ ಮುಲಾಮು ತಂದು ಸುಮ್ಮನಾಗುತ್ತಾರೆ. ಬಹಳಷ್ಟು ಸಲ ಅದು ಮೂಲವ್ಯಾಧಿಯೇ ಇರುತ್ತದೆ. ಆದರೆ ಗುದನಾಳದ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು.

ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂ.ಮೀ. ಅದರ ಬುಡದಲ್ಲಿ ಉಂಗುರದಂಥ ಸ್ನಾಯು ಇದೆ, ಮಲ ತಡೆದು ಹಿಡಿಯುವುದು ಅದೇ. ಗಡ್ಡೆ ಈ ಉಂಗುರದ ಹತ್ತಿರ ಬೆಳೆದರೆ ಮೊದಲೆಲ್ಲ ಗುದದ್ವಾರವನ್ನೇ ತೆಗೆದು, ಹೊಟ್ಟೆಯಲ್ಲಿ ದಾರಿ ಮಾಡಿ ಕಾಯಂ ಚೀಲ ಕಟ್ಟುತ್ತಿದ್ದರು. 1908ರಲ್ಲಿ ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ ವಿವರಿಸಿದ ಆಪರೇಷನ್ ಅದು. ಈಗಲೂ ಕೆಲವರಿಗೆ ಅದೇ ಬೇಕಾಗುತ್ತದೆ.

ಗಡ್ಡೆಯ ಕೆಳಗೆ 5 ಸೆಂ.ಮೀ. ಒಳ್ಳೆಯ ಕರುಳನ್ನೂ ಕತ್ತರಿಸಲೇಬೇಕು ಎಂದು ಹಿಂದೆ ನಂಬಿದ್ದರು. ಇಷ್ಟು ಕೆಳಗಿನ ಗಡ್ಡೆಗೆ ಈಗ ಸುಮಾರು 1 ಸೆಂ.ಮೀ. ಸಾಕು. 1982ರಲ್ಲಿ ಬ್ರಿಟನ್ನಿನ ಬಿಲ್ ಹೀಲ್ಡ್, ಗುದನಾಳವನ್ನು ಸುತ್ತಲಿನ ಕೊಬ್ಬಿನ ಹೊದಿಕೆ ಹರಿಯದಂತೆ ಇಡಿಯಾಗಿ ಬಿಡಿಸುವ ಕ್ರಮವನ್ನು ಮುಂದಿಟ್ಟರು. ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಇದರಿಂದ ಕಡಿಮೆಯಾಯಿತು. ಅದನ್ನೇ ಈಗ ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಬಿಟ್ಟು ಮಾಡುತ್ತಾರೆ. ಬೇಕಿದ್ದವರಿಗೆ ಮೊದಲೇ ರೇಡಿಯೇಷನ್, ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುತ್ತಾರೆ. ಗಡ್ಡೆ ತೆಗೆದ ಮೇಲೆ ಮೇಲಿನ ಕರುಳನ್ನು ಕೆಳಗಿಳಿಸಿ ಗುದದ್ವಾರಕ್ಕೆ ಜೋಡಿಸುತ್ತಾರೆ.

ಹಂಗಂತ ಚೀಲವೇ ಇರಲ್ಲ ಅಂತಲ್ಲ. ಜೋಡಣೆ ಮಾಯುವ ತನಕ, ಸಾಮಾನ್ಯವಾಗಿ ಎರಡು-ಮೂರು ತಿಂಗಳು, ತಾತ್ಕಾಲಿಕ ಚೀಲ ಇಡುತ್ತಾರೆ. ಅದು ಹೋದ ಮೇಲೂ ದಿನಕ್ಕೆ ಹಲವು ಸಲ ಸಂಡಾಸು, ತಡೆಯಲಾಗದ ಅವಸರ, ಕೆಲವೊಮ್ಮೆ ಸೋರಿಕೆ ತಿಂಗಳುಗಟ್ಟಲೆ ಕಾಡಬಹುದು. ಅಂಗಡಿ ಬಿಟ್ಟೇಳಲಾಗದವರು ಇದನ್ನು ಸರ್ಜನ್ ಹತ್ತಿರ ಮೊದಲೇ ಮಾತಾಡಿಕೊಂಡರೆ ಚಲೋ. ಗಡ್ಡೆ ಉಂಗುರದ ಹೊರಸ್ನಾಯುವಿಗೂ ಹಬ್ಬಿದ್ದರೆ ಉಳಿಸುವ ಹಟ ಮಾಡಬಾರದು, ಜೀವ ದೊಡ್ಡದು.

ಇಷ್ಟು ಕೆಳಗಿನ ಗಡ್ಡೆ ಹುಡುಕಲು ಮೊದಲಿಗೆ ಮಷಿನ್ ಬೇಕಿಲ್ಲ. ಕೈಗವಸು ಹಾಕಿದ ಡಾಕ್ಟರ ಬೆರಳಿಗೇ ಸಾಮಾನ್ಯವಾಗಿ ಸಿಗುತ್ತದೆ, ಎರಡು ನಿಮಿಷದ ಕೆಲಸ. ನಾಚಿಕೆಯೇ ಅಡ್ಡಿ. ಖಾತ್ರಿಗೆ ಕೊಲೊನೊಸ್ಕೋಪಿ, ಬಯಾಪ್ಸಿ. ಎಲ್ಲಿವರೆಗೆ ಹಬ್ಬಿದೆ ಎನ್ನಲು ಎಂಆರ್‌ಐ. ರಕ್ತದ ಜೊತೆ ಸಂಡಾಸಿನ ರೂಢಿ ಬದಲಾದರೆ, ಹೋಗಿಬಂದರೂ ಪೂರ್ತಿ ಹೋಗಿಲ್ಲ ಅನಿಸಿದರೆ, ತೂಕ ಇಳಿದರೆ ಕಾಯಬಾರದು.

ಕ್ಯಾನ್ಸರ್ ಎಂದು ಗೊತ್ತಾದರೆ ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ನೆರವಿದೆ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆದು, ಯಾವ ಆಪರೇಷನ್ ಪ್ಯಾಕೇಜಿನಲ್ಲಿದೆ ಎಂದು ಆರೋಗ್ಯಮಿತ್ರರನ್ನು ಕೇಳಿಕೊಳ್ಳಬೇಕು.