ದಾದರ್ ನಿಲ್ದಾಣದ ಅಂಕವಿಚಾರ

ಅನೇಕಾರ್ಥಕವಾದ ಶಬ್ದವೊಂದು ವಾಕ್ಯದಲ್ಲಿ ಬಂದಾಗ ಯಾವ ಅರ್ಥವನ್ನು ಗ್ರಹಿಸಬೇಕೆಂಬುದನ್ನು ನಿರ್ಣಯಿಸಲು ಭರ್ತೃಹರಿಯು ವಾಕ್ಯಪದೀಯದಲ್ಲಿ ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ ಮೊದಲಾದ ನಿಯಾಮಕಗಳನ್ನು ಹೇಳಿರುವನು. ಊಟಕ್ಕೆ ಕುಳಿತವನು ‘ಸೈಂಧವವನ್ನು ತಾ’ ಎಂದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆಯನ್ನೂ ತರತಕ್ಕದ್ದೆಂಬ ಉದಾಹರಣೆಯು ಪಾಠಶಾಲೆಗಳಲ್ಲಿ ಪ್ರಸಿದ್ಧವೇ ಆಗಿದೆ. ಆದರೆ ಈ ನಿಯಾಮಕಗಳೆಲ್ಲವೂ ಕೇಳುವವನಿಗೆ ಆಲೋಚಿಸಲು ಕಿಂಚಿತ್ತಾದರೂ ಅವಕಾಶವುಂಟೆಂದು ಭಾವಿಸಿ ಹೇಳಿದವು. ಆ ಅವಕಾಶವಿಲ್ಲದೆಡೆಯಲ್ಲಿ ಒಂದೇ ಸಂಜ್ಞೆಯು ಎರಡು ವಸ್ತುಗಳನ್ನು ಸೂಚಿಸಿದರೆ ಆಗುವ ಅನರ್ಥವನ್ನು ಮುಂಬಯಿಯ ದಾದರ್ ರೈಲು ನಿಲ್ದಾಣವು ಬಹುಕಾಲ ತೋರಿಸಿಕೊಟ್ಟಿತು.

ಮರಾಠಿಯಲ್ಲಿ ದಾದರವೆಂದರೆ ಮೆಟ್ಟಿಲುಸಾಲು. ಹಗಲಿರುಳೂ ಜನರು ಸೇತುವೆಯ ಮೆಟ್ಟಿಲುಗಳನ್ನು ಏರುತ್ತಲೂ ಇಳಿಯುತ್ತಲೂ ಇರುವ ಸ್ಥಳಕ್ಕೆ ಇದಕ್ಕಿಂತ ಅನ್ವರ್ಥವಾದ ಹೆಸರು ದೊರೆಯದು. ಈ ಏರಿಳಿತಕ್ಕೆ ಕಾರಣವೇನೆಂದರೆ, ದಾದರ್ ವಸ್ತುತಃ ಒಂದು ನಿಲ್ದಾಣವಲ್ಲ, ಮಗ್ಗುಲುಮಗ್ಗುಲಾಗಿ ನಿಂತಿರುವ ಎರಡು ನಿಲ್ದಾಣಗಳು. 1853ನೆಯ ಏಪ್ರಿಲ್ 16ರಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯವರು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಬಂಡಿಯನ್ನು ಓಡಿಸಿದರು. 1867ನೆಯ ಏಪ್ರಿಲಿನಲ್ಲಿ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪನಿಯವರು ವಿರಾರಿನಿಂದ ಬ್ಯಾಕ್‌ಬೇವರೆಗೆ ದಿನಕ್ಕೊಂದು ಬಂಡಿಯನ್ನು ಆರಂಭಿಸಿದರು. ಅದು ನಿಲ್ಲುತ್ತಿದ್ದ ಸ್ಥಳಗಳ ಪಟ್ಟಿಯಲ್ಲಿ ದಾದರಿನ ಹೆಸರೂ ಉಂಟು. ಈ ಎರಡು ಮಾರ್ಗಗಳೂ ಇಕ್ಕಟ್ಟಾದ ದ್ವೀಪದ ಮೇಲೆ ಉತ್ತರಾಭಿಮುಖವಾಗಿ ಸಾಗಿ, ದಾದರಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ಅನಂತರ ಅಗಲುವುವು: ಒಂದು ಕುರ್ಲಾ, ಠಾಣೆ, ಕಲ್ಯಾಣಗಳ ಕಡೆಗೂ, ಮತ್ತೊಂದು ಬಾಂದ್ರಾ, ಅಂಧೇರಿ, ಬೋರಿವಲಿಗಳ ಕಡೆಗೂ ಹೋಗುವುವು. 1951ನೆಯ ನವೆಂಬರ್ 5ರಂದು ಇವು ಕ್ರಮವಾಗಿ ಮಧ್ಯ ರೈಲ್ವೆ ಮತ್ತು ಪಶ್ಚಿಮ ರೈಲ್ವೆಗಳಲ್ಲಿ ಸೇರಿದುವು. ಒಡೆತನ ಬದಲಾದರೂ ಬೇರೆಬೇರೆಯಾಗಿ ಎಣಿಸುವ ಪದ್ಧತಿ ಬದಲಾಗಲಿಲ್ಲ. ಎರಡೂ ಕಡೆಯವರು ತಮ್ಮ ಪ್ಲಾಟ್‌ಫಾರಂಗಳನ್ನು ಒಂದರಿಂದಲೇ ಎಣಿಸುತ್ತ ಬಂದರು.

ಇಲ್ಲಿಯ ಬಂಡಿಗಳು ಸ್ಥೂಲವಾಗಿ ಎರಡು ಬಗೆ. ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವುದು ‘ಧೀಮೀ’. ಕೆಲವನ್ನು ಬಿಟ್ಟು ಓಡುವುದು ‘ಜಲದ’. ಸಂಸ್ಕೃತವನ್ನು ಬಲ್ಲವನು ಜಲದವೆಂಬುದನ್ನು ಕೇಳಿ ಮೇಘವನ್ನು ನೆನೆದಾನು. ಆದರೆ ಇದು ಪಾರಸಿಯ ‘ಜಲ್ದ್’, ಕನ್ನಡಿಗರ ನಾಲಗೆಯಲ್ಲಿರುವ ‘ಜಲ್ದಿ’ಯ ಸಹೋದರ. ಹೋಗುವ ಊರನ್ನು ತಿಳಿಸುವ ಇಂಗ್ಲಿಷ್ ಅಕ್ಷರಗಳಲ್ಲಿಯೂ ಅರ್ಥವಿಚಾರಕ್ಕೆ ಸಾಮಗ್ರಿಯಿದೆ. ಮಧ್ಯ ರೈಲ್ವೆಯಲ್ಲಿ ‘ಟಿ’ ಎಂದರೆ ಠಾಣೆ, ‘ಕೆ’ ಎಂದರೆ ಕಲ್ಯಾಣ. ಇವು ಯೌಗಿಕಗಳಂತೆ ಒಡನೆಯೇ ತಿಳಿಯುವುವು. ಆದರೆ ಕರ್ಜತ್ತಿಗೆ ‘ಎಸ್’ ಎಂದೂ, ಕಸಾರಾಕ್ಕೆ ‘ಎನ್’ ಎಂದೂ ಸಂಕೇತ. ಕಲ್ಯಾಣದಿಂದ ಮುಂದೆ ಮಾರ್ಗವು ಇಬ್ಭಾಗವಾಗಿ, ಬೋರ್‌ಘಾಟದ ಕಡೆಗೆ ಆಗ್ನೇಯಕ್ಕೂ ಥಳ್‌ಘಾಟದ ಕಡೆಗೆ ಈಶಾನ್ಯಕ್ಕೂ ತಿರುಗುವುದರಿಂದ ದಿಕ್ಕಿನ ಮೊದಲಕ್ಷರವೇ ಊರಿಗೆ ಸಂಜ್ಞೆಯಾಯಿತು. ನಿತ್ಯಪ್ರಯಾಣಿಕನು ಈ ವ್ಯುತ್ಪತ್ತಿಯನ್ನು ಅರಿಯದೆಯೇ ಸರಿಯಾದ ಬಂಡಿಯನ್ನು ಹತ್ತುವನು. ರೂಢಿಯು ಯೋಗವನ್ನು ಮರೆಸುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರೂಢಿಯು ನೆಲಸಿದವನಿಗೆ ಸಾಕು, ಹೊಸಬನಿಗೆ ಸಾಲದು. ‘ಚಾಲುಕ್ಯ’, ‘ಶರಾವತಿ’ ಎಂಬ ಕನ್ನಡದ ಹೆಸರುಗಳನ್ನು ಹೊತ್ತ ಬಂಡಿಗಳು ದಾದರಿನ ಮಧ್ಯ ರೈಲ್ವೆಯ ಭಾಗಕ್ಕೆ ಬರುವುವು. ಹುಬ್ಬಳ್ಳಿಯ ಕಡೆಯಿಂದ ಹಾಗೆ ಬಂದಿಳಿದವನೊಬ್ಬನು ಬೋರಿವಲಿಗೆ ಹೋಗಬೇಕಾಗಿದೆಯೆಂದು ಭಾವಿಸೋಣ. ‘ನಾಲ್ಕನೆಯ ಪ್ಲಾಟ್‌ಫಾರಂ’ ಎಂಬ ಉತ್ತರವನ್ನು ಕೇಳಿ ಅವನು ಕಣ್ಣೆದುರಿನ ಫಲಕವನ್ನು ನೋಡಿದರೆ ಅಲ್ಲಿಯೂ ನಾಲ್ಕು ಇದ್ದಿತು. ಅದು ಮಧ್ಯ ರೈಲ್ವೆಯ ನಾಲ್ಕು. ಹೇಳಿದವನ ಮಾತು ಸುಳ್ಳಲ್ಲ, ಕೇಳಿದವನ ಕಿವಿಯೂ ಮಂದವಲ್ಲ. ‘ಪಶ್ಚಿಮದ’, ‘ಮಧ್ಯದ’ ಎಂಬ ವಿಶೇಷಣಗಳು ಇದ್ದೇ ಇದ್ದವಲ್ಲ ಎಂದು ಆಕ್ಷೇಪಿಸಬಹುದು. ಗದ್ದಲದಲ್ಲಿ ವಿಶೇಷಣವು ಕಳೆದುಹೋಗಿ ಸಂಖ್ಯೆಯೊಂದೇ ಮನಸ್ಸಿನಲ್ಲಿ ನಿಲ್ಲುವುದೆಂಬುದೇ ಇದಕ್ಕೆ ಸಮಾಧಾನ. ತಪ್ಪು ತಿಳಿದ ಮೇಲೆ ಅವನು ಮೆಟ್ಟಿಲಿನ ನಡುವೆ ಜನಪ್ರವಾಹಕ್ಕೆ ಎದುರಾಗಿ ಹಿಂದಿರುಗಬೇಕಾಗುತ್ತಿತ್ತು. ಕೈಯಲ್ಲಿ ಗಂಟು, ಜೊತೆಯಲ್ಲಿ ಮುದುಕರು ಇದ್ದರಂತೂ ಕೇಳಬೇಕಾದುದೇ ಇಲ್ಲ.

ಇದನ್ನು ಅಲ್ಪಾಯಾಸವೆಂದು ತಳ್ಳಿಹಾಕುವುದು ಸಾಧುವಲ್ಲ. ದಾದರಿನಿಂದ ದಕ್ಷಿಣಕ್ಕೆ ಮುಂದಿನ ನಿಲ್ದಾಣವು ಮಧ್ಯ ರೈಲ್ವೆಯಲ್ಲಿ ಪರೇಲ್. ಪಶ್ಚಿಮ ರೈಲ್ವೆಯಲ್ಲಿ ಆಗ ಎಲ್ಫಿನ್‌ಸ್ಟನ್ ರೋಡ್ ಎಂದಿದ್ದು 2018ರಲ್ಲಿ ಪ್ರಭಾದೇವಿಯೆಂದು ಹೆಸರು ಬದಲಾದುದು. 2017ನೆಯ ಸೆಪ್ಟೆಂಬರ್ 29ರ ಬೆಳಗ್ಗೆ, ಮಳೆಯಲ್ಲಿ, ಅವುಗಳನ್ನು ಕೂಡಿಸುವ ಕಾಲುಸೇತುವೆಯ ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿ ಎರಡು ನಿಲ್ದಾಣಗಳಿಗೆ ಎರಡು ಹೆಸರುಗಳಿದ್ದುವು, ನಾಮಸಂದೇಹಕ್ಕೆ ಆಸ್ಪದವಿರಲಿಲ್ಲ, ಕೊರತೆಯಾದುದು ಜಾಗಕ್ಕೆ. ಅಂಕಗಳನ್ನು ತಿದ್ದಿದರೆ ಸೇತುವೆಯು ಅಗಲವಾಗದೆಂಬುದು ನಿಜ. ಆದರೆ ಅಂತಹ ಮೆಟ್ಟಿಲಿನ ಮೇಲೆ ದಾರಿ ತಪ್ಪಿ ಹಿಂದಿರುಗುವವನು ಒಬ್ಬನಿದ್ದರೂ ಅವನು ತನಗೂ ಇತರರಿಗೂ ಅಪಾಯವೇ.

ಪರಿಹಾರವು 2023ನೆಯ ಡಿಸೆಂಬರಿನಲ್ಲಿ ಬಂದಿತು. ಪಶ್ಚಿಮ ರೈಲ್ವೆಯ ಒಂದರಿಂದ ಏಳರವರೆಗಿನ ಅಂಕಗಳು ಹಾಗೆಯೇ ನಿಂತು, ಮಧ್ಯ ರೈಲ್ವೆಯ ಒಂದನೆಯದು ಎಂಟನೆಯದಾಗಿ, ಎಣಿಕೆಯು ಹದಿನಾಲ್ಕರವರೆಗೆ ಮುಂದುವರಿಯಿತು. ಪಡುವಣಿಂದ ಮೂಡಣಕ್ಕೆ ನಡೆಯುವವನಿಗೆ ಅಂಕವು ಏರುತ್ತ ಹೋಗುವುದರಿಂದ, ಮೂರನ್ನು ಹುಡುಕುವವನು ಹತ್ತನ್ನು ಕಂಡರೆ ಯಾವ ಕಡೆಗೆ ತಿರುಗಬೇಕೆಂಬುದನ್ನೂ ಅಂಕವೇ ಹೇಳುವುದು. ವಿಶೇಷಣದಿಂದ ಆಗದಿದ್ದ ಕಾರ್ಯವು ಕ್ರಮದಿಂದ ಆಯಿತು. ಒಂದು ಭಾಗಕ್ಕೆ ಬೇರೆ ಹೆಸರನ್ನೇ ಇಡಬಹುದಾಗಿತ್ತಲ್ಲವೇ ಎಂದರೆ, ಅದು ಸರಿಯಾದ ಮಾರ್ಗವಾಗುತ್ತಿರಲಿಲ್ಲ. ಠಾಣೆಯಿಂದ ಅಂಧೇರಿಗೆ ಹೋಗುವವನು ಒಂದೇ ಟಿಕೀಟಿನಲ್ಲಿ ದಾದರ್ ಮಾರ್ಗವಾಗಿ ಹೋಗಬಲ್ಲನು. ನಡುವೆ ಮತ್ತೊಂದನ್ನು ಕೊಳ್ಳಬೇಕಾಗಿಲ್ಲ. ಜನರ ಮಾತಿನಲ್ಲಿಯೂ ಟಿಕೀಟಿನಲ್ಲಿಯೂ ದಾದರ್ ಮೊದಲಿನಿಂದ ಒಂದೇ ಆಗಿದ್ದಿತು. ಎರಡಾಗಿದ್ದುದು ಅಂಕಗಳಲ್ಲಿ, ತಿದ್ದಬೇಕಾದುದನ್ನೇ ತಿದ್ದಿದರು.

ರೈಲ್ವೆಯವರ ಸಂಕೇತಾಕ್ಷರಗಳಲ್ಲಿ ಮಾತ್ರ ಹಳೆಯ ಭೇದವು ಉಳಿದಿದೆ: ಮಧ್ಯ ರೈಲ್ವೆಯ ದಾದರ್ ‘ಡಿ.ಆರ್.’, ಪಶ್ಚಿಮ ರೈಲ್ವೆಯ ದಾದರ್ ‘ಡಿ.ಡಿ.ಆರ್.’.