ಸತು: ಮಣ್ಣಿನಿಂದ ಮಗುವಿನವರೆಗೆ

ನಾಟಿಯಾದ ಎರಡು ಮೂರು ವಾರಗಳಲ್ಲಿ ಭತ್ತದ ಪೈರಿನ ಬೆಳವಣಿಗೆ ಕುಂಠಿತವಾಗಿ, ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿ, ಗದ್ದೆಯ ಅಲ್ಲಲ್ಲಿ ಪೈರು ಗುಂಪು ಗುಂಪಾಗಿ ಕುಳ್ಳಾಗಿ ನಿಲ್ಲುವುದನ್ನು ಅನೇಕ ಬೆಳೆಗಾರರು ನೋಡಿರುತ್ತಾರೆ. ಇದು ರೋಗವೆಂದು ತಿಳಿದು ಔಷಧ ಸಿಂಪಡಿಸುವವರುಂಟು. ಯೂರಿಯಾ ಸಾಲದೆಂದು ಇನ್ನೊಂದು ಕಂತು ಎರಚುವವರೂ ಉಂಟು. ಆದರೆ ಕಾರಣ ಸತುವಿನ ಕೊರತೆಯಾಗಿದ್ದಲ್ಲಿ ಈ ಎರಡರಿಂದಲೂ ಪೈರು ಚೇತರಿಸಿಕೊಳ್ಳುವುದಿಲ್ಲ.

ಸತುವಿನ ಕೊರತೆಯಿಂದ ಪೈರು ಕುಳ್ಳಾಗುವುದು ರೈತರಿಗೆ ಈಗ ಹೊಸ ವಿಷಯವಲ್ಲ. ಆದರೆ ಇದೇ ಕೊರತೆಯಿಂದ ಮಕ್ಕಳ ಬೆಳವಣಿಗೆಯೂ ಕುಂಠಿತವಾಗುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಮಣ್ಣು ವಿಜ್ಞಾನಿಗಳು, ರಸಾಯನ ಶಾಸ್ತ್ರಜ್ಞರು ಹಾಗೂ ವೈದ್ಯರು ಬಹುಕಾಲ ತಂತಮ್ಮ ದಾರಿಯಲ್ಲಿಯೇ ಸತುವನ್ನು ಅಭ್ಯಸಿಸಿದರು. ಈಚಿನ ವರ್ಷಗಳಲ್ಲಿ ಈ ದಾರಿಗಳು ಒಂದುಗೂಡಿವೆ. ಅದರಿಂದ ತಿಳಿದುಬಂದಿರುವ ಸಂಗತಿಗಳು ಬೆಳೆಗಾರನ ಹೊಲಕ್ಕೂ ಮನೆಗೂ ಸಂಬಂಧಿಸಿದವು.

ಸತುವಿನ ಕೆಲಸವೇನು?

ಸಾರಜನಕ, ರಂಜಕ, ಪೊಟ್ಯಾಷ್‌ಗಳಂತೆ ಸತು ಹೆಚ್ಚು ಪ್ರಮಾಣದಲ್ಲಿ ಬೇಕಾಗುವ ವಸ್ತುವಲ್ಲ. ಬೆಳೆಗೆ ಎಕರೆಗೆ ಕೆಲವು ನೂರು ಗ್ರಾಂ ಸಾಕು. ವಯಸ್ಕನ ಇಡೀ ದೇಹದಲ್ಲಿರುವುದು ಸುಮಾರು ಎರಡು ಗ್ರಾಂ ಮಾತ್ರ. ಆದರೂ ಅದಿಲ್ಲದೆ ಜೀವಕೋಶಗಳು ಕೆಲಸ ಮಾಡಲಾರವು. ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳಲ್ಲಿ ಮುನ್ನೂರಕ್ಕೂ ಹೆಚ್ಚು ಕಿಣ್ವಗಳಿಗೆ ಸತು ಬೇಕು. ಸಸಾರಜನಕ ತಯಾರಾಗಲು, ಕೋಶಗಳು ವಿಭಜನೆಗೊಂಡು ಹೆಚ್ಚಲು, ರೋಗನಿರೋಧಕ ಶಕ್ತಿ ಉಳಿಯಲು ಇದು ಅವಶ್ಯಕ. ಆದುದರಿಂದಲೇ ಕೊರತೆಯ ಪರಿಣಾಮ ಮೊದಲು ಕಾಣುವುದು ಬೇಗ ಬೆಳೆಯುವ ಭಾಗಗಳಲ್ಲಿ. ಪೈರಿನಲ್ಲಿ ಅದು ಎಳೆಯ ಸುಳಿ. ಮನುಷ್ಯರಲ್ಲಿ ಎಳೆಯ ಮಕ್ಕಳು ಮತ್ತು ಗರ್ಭಿಣಿಯರು. ಕೊಬ್ಬಿನಂತೆ ಸತುವನ್ನು ದೇಹ ಕೂಡಿಟ್ಟುಕೊಳ್ಳಲಾರದು. ದಿನದಿನದ ಊಟದಿಂದಲೇ ಅದು ದೊರೆಯಬೇಕು.

ಸಸ್ಯಗಳಿಗೆ ಸತು ಅವಶ್ಯಕವೆಂಬುದು 1926ರಲ್ಲಿ ನಿಸ್ಸಂದೇಹವಾಗಿ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಪಂತನಗರದ ವಿಜ್ಞಾನಿ ವೈ. ಎಲ್. ನೆನೆಯವರು ತರಾಯಿ ಪ್ರದೇಶದ ಭತ್ತಕ್ಕೆ ತಗಲುತ್ತಿದ್ದ 'ಖೈರಾ' ಎಂಬ ಬೇನೆಗೆ ಸತುವಿನ ಕೊರತೆಯೇ ಕಾರಣವೆಂದು 1966ರಲ್ಲಿ ತೋರಿಸಿದರು.

ಮನುಷ್ಯನಲ್ಲಿ ಕೊರತೆ ಪತ್ತೆಯಾದ ಬಗೆ

ಮನುಷ್ಯರಲ್ಲಿ ಸತುವಿನ ಕೊರತೆ ಉಂಟಾಗಲಾರದೆಂದೇ 1960ರವರೆಗೆ ವೈದ್ಯರು ನಂಬಿದ್ದರು. ಬಿಹಾರದಲ್ಲಿ ಹುಟ್ಟಿ, ಪಾಟ್ನಾದಲ್ಲಿ ವೈದ್ಯ ಶಿಕ್ಷಣ ಪಡೆದು, ಅಮೆರಿಕದಲ್ಲಿ ತರಬೇತಾದ ಡಾ. ಆನಂದ ಪ್ರಸಾದ್ ಅವರು 1958ರಲ್ಲಿ ಇರಾನಿನ ಶಿರಾಜ್ ನಗರಕ್ಕೆ ಹೋದರು. ಅಲ್ಲಿ 21 ವರ್ಷದ ಒಬ್ಬ ರೋಗಿ ಹತ್ತು ವರ್ಷದ ಹುಡುಗನಂತೆ ಕಾಣುತ್ತಿದ್ದ. ರಕ್ತಹೀನತೆಯೂ ಇತ್ತು. ಆತನ ಆಹಾರ ಹುಳಿ ಬರಿಸದ ಗೋಧಿ ರೊಟ್ಟಿ. ಮಾಂಸ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಆ ಭಾಗದಲ್ಲಿ ಇಂಥ ಯುವಕರು ಇನ್ನೂ ಅನೇಕರಿದ್ದರು. ಬರಿಯ ಕಬ್ಬಿಣದ ಕೊರತೆಯಿಂದ ಬೆಳವಣಿಗೆ ಹೀಗೆ ನಿಲ್ಲುವುದಿಲ್ಲವೆಂದು ತರ್ಕಿಸಿದ ಪ್ರಸಾದ್ ಅವರು 1961ರಲ್ಲಿ ಸತುವಿನ ಕೊರತೆಯನ್ನು ಶಂಕಿಸಿದರು. ಮುಂದೆ ಈಜಿಪ್ಟಿನಲ್ಲಿ ಇಂಥದೇ ರೋಗಿಗಳ ರಕ್ತ, ಕೂದಲುಗಳನ್ನು ಪರೀಕ್ಷಿಸಿದಾಗ ಸತು ಕಡಿಮೆ ಇರುವುದು ಖಚಿತವಾಯಿತು. ಸತು ಕೊಟ್ಟಾಗ ಅವರು ಒಂದು ವರ್ಷದಲ್ಲಿ ಐದಾರು ಅಂಗುಲ ಬೆಳೆದರು.

ಮಕ್ಕಳ ಭೇದಿಯಲ್ಲಿ ಸತುವಿನ ಪ್ರಯೋಜನವನ್ನು ತೋರಿಸಿದ ಮುಖ್ಯ ಪ್ರಯೋಗಗಳಲ್ಲಿ ಒಂದು 1995ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ. ಇಂಥ ಪ್ರಯೋಗಗಳ ಆಧಾರದ ಮೇಲೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಭೇದಿಯಾದ ಮಕ್ಕಳಿಗೆ ಓ.ಆರ್.ಎಸ್. ದ್ರಾವಣದ ಜೊತೆಗೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡಬೇಕೆಂದು ಶಿಫಾರಸು ಮಾಡಿದವು. ಇಂದು ಆರೋಗ್ಯ ಕೇಂದ್ರಗಳಲ್ಲಿ ಭೇದಿಗೆ ಈ ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ಭೇದಿ ನಿಂತಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸದೆ, ಹೇಳಿದಷ್ಟು ದಿನ ಕೊಡಬೇಕು.

ಮಣ್ಣಿನಲ್ಲಿದ್ದರೂ ಬೆಳೆಗೆ ಸಿಗದೇಕೆ?

ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 36ರಷ್ಟರಲ್ಲಿ ಸತುವಿನ ಕೊರತೆ ಕಂಡುಬಂದಿದೆ. ಕರ್ನಾಟಕದಲ್ಲಿ 2009ರಲ್ಲಿ ಪ್ರಾರಂಭವಾದ ಭೂಚೇತನ ಯೋಜನೆಯಲ್ಲಿಯೂ ಗಂಧಕ ಮತ್ತು ಬೋರಾನ್‌ಗಳ ಜೊತೆಗೆ ಸತುವಿನ ಕೊರತೆ ಎದ್ದು ಕಂಡಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅನೇಕ ಮಣ್ಣುಗಳಲ್ಲಿ ಒಟ್ಟು ಸತು ಸಾಕಷ್ಟಿರುತ್ತದೆ. ಬೇರಿಗೆ ದಕ್ಕುವ ರೂಪದಲ್ಲಿ ಮಾತ್ರ ಇರುವುದಿಲ್ಲ. ಸುಣ್ಣದಂಶ ಹೆಚ್ಚಿರುವ ಎರೆ ಭೂಮಿ ಮತ್ತು ಕ್ಷಾರ ಭೂಮಿಗಳಲ್ಲಿ ರಸಸಾರ ಏರಿದಂತೆ ಕರಗುವ ಸತು ಬೇಗ ಕುಗ್ಗುತ್ತದೆ. ಸದಾ ನೀರು ನಿಂತ ಗದ್ದೆಯಲ್ಲಿಯೂ ಸತು ಕರಗದ ರೂಪಕ್ಕೆ ತಿರುಗುತ್ತದೆ. ಮೇಲ್ಮಣ್ಣು ಕೊಚ್ಚಿಹೋದ, ಅಥವಾ ಸಮತಟ್ಟು ಮಾಡುವಾಗ ಕೆಳಮಣ್ಣು ಮೇಲೆ ಬಂದ ತಾಕುಗಳಲ್ಲಿ ಕೊರತೆ ಹೆಚ್ಚು. ವರ್ಷ ವರ್ಷವೂ ಡಿ.ಎ.ಪಿ. ಸುರಿದು ಕೊಟ್ಟಿಗೆ ಗೊಬ್ಬರ ಮರೆತ ಹೊಲಗಳಲ್ಲಿಯೂ ಹೀಗೆಯೇ. ರಂಜಕ ಅತಿಯಾದಾಗ ಬೆಳೆ ಸತುವನ್ನು ಸರಿಯಾಗಿ ಪಡೆಯಲಾರದು.

ಕಾಳಿನಲ್ಲಿಯೂ ಇಂಥದೇ ತೊಡಕು. ಗಿಡ ತನ್ನ ಬೀಜದಲ್ಲಿ ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಶೇಖರಿಸಿಡುತ್ತದೆ. ಈ ಆಮ್ಲ ಸತುವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ನಮ್ಮ ಕರುಳು ಅದನ್ನು ಹೀರಲಾರದೆ ಬಹುಭಾಗ ಹೊರಗೆ ಹೋಗುತ್ತದೆ. ಇರಾನಿನ ರೊಟ್ಟಿಯಲ್ಲಿ ಆದದ್ದು ಇದೇ. ಹೊಲದಲ್ಲಿಯೂ ಕರುಳಿನಲ್ಲಿಯೂ ಸತು ಎಷ್ಟಿದೆ ಎಂಬುದಕ್ಕಿಂತ ಎಷ್ಟು ದಕ್ಕುತ್ತದೆ ಎಂಬುದೇ ಮುಖ್ಯ.

ಇಳುವರಿ ಏರಿತು, ಸತು ಇಳಿಯಿತು

ಇಂಗ್ಲೆಂಡಿನ ರಾಥಂಸ್ಟೆಡ್ ಕೇಂದ್ರದಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು ಪ್ರತಿ ವರ್ಷದ ಮಾದರಿಯನ್ನು ಕಾದಿರಿಸಲಾಗಿದೆ. ಈ ಕಾಳುಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ, 1960ರ ದಶಕದ ಮಧ್ಯದವರೆಗೆ ಕಾಳಿನ ಸತು ಬಹುಮಟ್ಟಿಗೆ ಸ್ಥಿರವಾಗಿತ್ತು. ಗಿಡ್ಡ ತಳಿಗಳು ಬಂದ ಮೇಲೆ ಇಳಿಮುಖವಾಯಿತು. ಮಣ್ಣಿನ ಸತು ಮಾತ್ರ ಕಡಿಮೆಯಾಗಿರಲಿಲ್ಲ. ಇದರ ಅರ್ಥ ಅಧಿಕ ಇಳುವರಿ ತಳಿಗಳು ಬೇಡವೆಂದಲ್ಲ. ಅವು ಹಸಿವನ್ನು ಹಿಂಗಿಸಿವೆ. ಆದರೆ ತಳಿ ಆರಿಸುವಾಗ ಕಾಳಿನ ತೂಕವನ್ನಷ್ಟೇ ನೋಡಿದರೆ ಸಾಲದು.

ವಾತಾವರಣದ ಬದಲಾವಣೆಯೂ ಇದಕ್ಕೆ ಸೇರಿಕೊಂಡಿದೆ. ಈ ಶತಮಾನದ ಮಧ್ಯಭಾಗದಲ್ಲಿ ನಿರೀಕ್ಷಿಸಲಾಗಿರುವಷ್ಟು ಇಂಗಾಲದ ಡೈ ಆಕ್ಸೈಡನ್ನು ಬಯಲಿನಲ್ಲಿಯೇ ಪೈರಿನ ಮೇಲೆ ಹಾಯಿಸಿ ನಡೆಸಿದ ಪ್ರಯೋಗಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಗೋಧಿ ಕಾಳಿನ ಸತು ಶೇ. 9ರಷ್ಟು, ಅಕ್ಕಿಯ ಸತು ಶೇ. 3ರಷ್ಟು ಕುಗ್ಗಿತ್ತು. ದಿನದ ಊಟವೆಲ್ಲ ಅನ್ನ, ರೊಟ್ಟಿಗಳೇ ಆಗಿರುವ ಮನೆಗಳಿಗೆ ಇದು ಸಣ್ಣ ನಷ್ಟವಲ್ಲ.

ಕಾಳಿಗೆ ಸತು ತುಂಬಬಹುದೆ?

ತುಂಬಬಹುದು. ಟರ್ಕಿ ದೇಶದ ಮಧ್ಯ ಅನತೋಲಿಯಾದ ಸುಣ್ಣಯುಕ್ತ ಭೂಮಿಯಲ್ಲಿ ಇಸ್ಮಾಯಿಲ್ ಚಾಕ್ಮಾಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಗೋಧಿಗೆ ಸತು ಕೊಟ್ಟು ಇಳುವರಿಯನ್ನೂ ಕಾಳಿನ ಸತುವನ್ನೂ ಹೆಚ್ಚಿಸಿ ತೋರಿಸಿದರು. ಅನಂತರ ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದ ಪ್ರಯೋಗಗಳ ಸಾರಾಂಶ 2012ರಲ್ಲಿ ಹೊರಬಂತು. ಮಣ್ಣಿಗೆ ಹಾಕಿದ ಸತುವಿನಿಂದ ಕಾಳಿನ ಸತು ಅಷ್ಟಾಗಿ ಏರಲಿಲ್ಲ. ಎಲೆಗಳ ಮೇಲೆ ಸಿಂಪಡಿಸಿದಾಗ ಗೋಧಿಯ ಒಂದು ಕಿಲೋ ಕಾಳಿನಲ್ಲಿ ಸುಮಾರು 27 ಮಿಲಿಗ್ರಾಂ ಇದ್ದ ಸತು 48ರವರೆಗೆ ಏರಿತು. ಭತ್ತದಲ್ಲಿ ಪರಿಣಾಮ ಇಷ್ಟಿಲ್ಲ. ಹೊಟ್ಟು ತೆಗೆದ, ಪಾಲಿಷ್ ಮಾಡದ ಅಕ್ಕಿಯಲ್ಲಿ ಏರಿಕೆ ಕಾಲು ಭಾಗದಷ್ಟು.

ಆದುದರಿಂದ ಬೆಳೆಗಾರರು ನೆನಪಿಡಬೇಕಾದದ್ದು: ಕೊರತೆಯಿರುವ ಭೂಮಿಯಲ್ಲಿ ಇಳುವರಿಗಾಗಿ ಮಣ್ಣಿಗೆ ಸತು, ಕಾಳಿನ ಪುಷ್ಟಿಗಾಗಿ ಪೈರಿನ ಮೇಲೆ ಸಿಂಪರಣೆ.

ತಳಿ ಅಭಿವೃದ್ಧಿ ಇನ್ನೊಂದು ಮಾರ್ಗ. ಬಾಂಗ್ಲಾದೇಶದಲ್ಲಿ 2013ರಲ್ಲಿ, ನಮ್ಮಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯಿಂದ 2016ರಲ್ಲಿ (ಡಿ.ಆರ್.ಆರ್. ಧಾನ್ 45) ಸತು ಹೆಚ್ಚಿರುವ ಭತ್ತದ ತಳಿಗಳು ಬಂದಿವೆ. ಆದರೆ ತಳಿ ಯಾವುದೇ ಇರಲಿ, ಮಣ್ಣಿನಲ್ಲಿ ದಕ್ಕುವ ಸತು ಇಲ್ಲದಿದ್ದರೆ ಕಾಳಿಗೆ ಬರುವುದೆಲ್ಲಿಂದ?

ಉಂಡವರಿಗೆ ಲಾಭವಾಯಿತೆ?

ಇದು ನ್ಯಾಯವಾದ ಪ್ರಶ್ನೆ. ದೆಹಲಿಯಲ್ಲಿ ಸುಮಾರು ಆರು ಸಾವಿರ ತಾಯಂದಿರು ಮತ್ತು ಮಕ್ಕಳಿಗೆ ಆರು ತಿಂಗಳು ಗೋಧಿ ಹಿಟ್ಟು ಒದಗಿಸಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಸತು ಹೆಚ್ಚಿರುವ ಹಿಟ್ಟು, ಉಳಿದವರಿಗೆ ಕಡಿಮೆ ಇರುವ ಹಿಟ್ಟು. ರಕ್ತದ ಸತುವಿನಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಸತುಭರಿತ ಹಿಟ್ಟು ತಿಂದ ಮಕ್ಕಳು ನ್ಯುಮೋನಿಯಾದಿಂದ ನರಳಿದ ದಿನಗಳು ಶೇ. 17ರಷ್ಟು, ವಾಂತಿಯ ದಿನಗಳು ಶೇ. 40ರಷ್ಟು ಕಡಿಮೆಯಾದವು. ಸತುವಿನ ಕಾಳು ಎಲ್ಲಕ್ಕೂ ಮದ್ದೆಂದು ಹೇಳಲು ಇದು ಸಾಲದು. ಊಟದ ಕಾಳಿನ ಗುಣ ಮಗುವಿನ ಆರೋಗ್ಯಕ್ಕೆ ಮುಟ್ಟುತ್ತದೆ ಎಂಬುದಕ್ಕೆ ಮಾತ್ರ ಇದು ಬಲವಾದ ಸೂಚನೆ.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

1. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ದಕ್ಕುವ ಸತು 0.6 ಪಿ.ಪಿ.ಎಂ.ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆಯೆಂದು ತಿಳಿಯಬೇಕು.

2. ಕೊರತೆಯಿರುವಲ್ಲಿ ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟನ್ನು ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ ಅಥವಾ ಮರಳಿನೊಂದಿಗೆ ಬೆರೆಸಿ, ಕೊನೆಯ ಉಳುಮೆಯಲ್ಲಿ ಸಮನಾಗಿ ಎರಚಿ. ಒಮ್ಮೆ ಹಾಕಿದ ಸತು ಎರಡು ಮೂರು ಬೆಳೆಗಳವರೆಗೆ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ಇಲ್ಲದೆ ಪ್ರತಿ ಬೆಳೆಗೂ ಹಾಕುವುದು ದಂಡ. ಅತಿಯಾದರೆ ಬೆಳೆಗೆ ವಿಷವೂ ಆದೀತು.

3. ಡಿ.ಎ.ಪಿ. ಅಥವಾ ಸೂಪರ್ ಫಾಸ್ಫೇಟ್ ಜೊತೆ ಬೆರೆಸಬೇಡಿ. ರಂಜಕದೊಡನೆ ಸತು ಕೂಡಿ ಕರಗದ ಪದಾರ್ಥವಾಗುತ್ತದೆ. ಇದನ್ನು ಲೋಟದಲ್ಲಿಯೇ ನೋಡಬಹುದು. ಡಿ.ಎ.ಪಿ.ಯನ್ನು ನೀರಿನಲ್ಲಿ ಕರಗಿಸಿ ತಿಳಿ ತೆಗೆದು, ಅದಕ್ಕೆ ಸತುವಿನ ಸಲ್ಫೇಟಿನ ನೀರು ಸೇರಿಸಿದರೆ ಬಿಳಿಯ ದಟ್ಟ ಗಷ್ಟು ಕಟ್ಟುತ್ತದೆ. ಕಲಬೆರಕೆ ಪತ್ತೆಗೂ ಇದೇ ಉಪಾಯ. ಸತುವಿನ ಹೆಸರಿನಲ್ಲಿ ಅಗ್ಗದ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟಿದ್ದರೆ ಇಂಥ ದಟ್ಟ ಗಷ್ಟು ಬರುವುದಿಲ್ಲ.

4. ನಿಂತ ಪೈರಿನಲ್ಲಿ ಕೊರತೆ ಕಂಡರೆ 200 ಲೀಟರ್ ನೀರಿಗೆ 1 ಕಿಲೋ ಸತುವಿನ ಸಲ್ಫೇಟ್ ಮತ್ತು ಅರ್ಧ ಕಿಲೋ ಸುಣ್ಣದ ಸೋಸಿದ ತಿಳಿಯನ್ನು ಸೇರಿಸಿ ಸಿಂಪಡಿಸಿ. ಸುಣ್ಣ ಸೇರಿಸದಿದ್ದರೆ ಎಲೆ ಸುಡುವ ಸಂಭವವಿದೆ. ಹತ್ತು ಹದಿನೈದು ದಿನಗಳ ನಂತರ ಅಗತ್ಯವಿದ್ದರೆ ಇನ್ನೊಮ್ಮೆ ಸಿಂಪಡಿಸಬಹುದು. ಸಾಧ್ಯವಿದ್ದಲ್ಲಿ ಗದ್ದೆಯ ನೀರನ್ನು ಕೆಲವು ದಿನ ಬಸಿದು ಮಣ್ಣಿಗೆ ಗಾಳಿಯಾಡಲು ಬಿಡಿ.

5. ಕಾಳಿನ ಸತುವಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಸಿಗುವುದಿಲ್ಲ. ಆದುದರಿಂದ ಇಡೀ ಜಮೀನಿಗೆ ಕೊನೆಯ ಸಿಂಪರಣೆ ಮಾಡಲು ಖರ್ಚು ಅಡ್ಡಬರುವುದು ಸಹಜ. ಆದರೆ ಮನೆಯ ಊಟಕ್ಕೆಂದು ಇಟ್ಟುಕೊಳ್ಳುವ ಕೆಲವು ಗುಂಟೆಗಳಿಗಾದರೂ, ಹೂ ಕಳೆದು ಕಾಳು ಹಾಲು ಕಟ್ಟುವ ಹಂತದಲ್ಲಿ ಇದೇ ದ್ರಾವಣವನ್ನು ಸಂಜೆಯ ವೇಳೆ ಒಮ್ಮೆ ಸಿಂಪಡಿಸಬಹುದು.

ಅಡಿಗೆ ಮನೆಯ ಪಾತ್ರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 17, ಹೆಂಗಸಿಗೆ 13 ಮಿಲಿಗ್ರಾಂ ಸತು ಬೇಕು. ಹೊಲದಲ್ಲಿ ಕಷ್ಟಪಟ್ಟು ತುಂಬಿದ ಸತು ದೇಹಕ್ಕೆ ದಕ್ಕುವಂತೆ ಮಾಡುವ ಉಪಾಯಗಳು ನಮ್ಮ ಹೆಂಗಸರಿಗೆ ಹಿಂದಿನಿಂದಲೂ ಗೊತ್ತು. ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗ, ಇಡ್ಲಿ ದೋಸೆಯ ಹಿಟ್ಟು ಹುದುಗಿದಾಗ ಫೈಟಿಕ್ ಆಮ್ಲ ಒಡೆದು ಸತು ಬಿಡುಗಡೆಯಾಗುತ್ತದೆ. ಮಗುವಿಗೆ ಬರಿಯ ರಾಗಿ ಹಿಟ್ಟಿನ ಗಂಜಿಗಿಂತ ಮೊಳಕೆ ರಾಗಿಯ ಹಿಟ್ಟು ಮೇಲು. ಮೊಳಕೆ ಹೆಸರು, ಹುರುಳಿ, ಹಾಲು, ಮೊಸರು ಊಟದಲ್ಲಿರಲಿ. ತಿನ್ನುವವರಿಗೆ ಮೊಟ್ಟೆ, ಮಾಂಸ ಇನ್ನೂ ಉತ್ತಮ. ಅಕ್ಕಿಯನ್ನು ಅತಿಯಾಗಿ ಪಾಲಿಷ್ ಮಾಡಿಸುವುದರಿಂದ ಸತುವಿನ ಒಂದು ಭಾಗ ತೌಡಿನೊಂದಿಗೆ ಹೋಗುತ್ತದೆ. ಗಿರಣಿಯಲ್ಲಿ ಎಷ್ಟು ಬಿಳುಪು ಮಾಡಿಸಬೇಕೆಂಬುದು ಬೆಳೆಗಾರನ ಕೈಯಲ್ಲಿಯೇ ಇದೆ.

ಮುಂಬರುವ ಹಂಗಾಮಿಗೆ ಮುನ್ನ ಮಣ್ಣಿನ ಮಾದರಿ ತೆಗೆಯುವಾಗ, ಮಾರುವ ಬೆಳೆಯ ತಾಕಿನ ಜೊತೆಗೆ ಮನೆಗೆ ಅಕ್ಕಿ, ರಾಗಿ ಕೊಡುವ ತಾಕಿನ ಮಣ್ಣನ್ನೂ ಪ್ರತ್ಯೇಕ ಚೀಲದಲ್ಲಿ ಕಳುಹಿಸಿ, ಸತುವಿನ ಪರೀಕ್ಷೆಯನ್ನು ಮರೆಯದೆ ಕೇಳಿ ಮಾಡಿಸಿಕೊಳ್ಳಿರಿ.