ಅಪ್ಪನ ಕಾಲದ ಯೆಜ್ಡಿಗೆ ಬೇರೆ ಗಾಡಿಯ ಏರ್ ಬಾಕ್ಸ್: ಕೂರಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಮಂಡ್ಯ: ಹಬ್ಬಕ್ಕೆ ಊರಿಗೆ ಬಂದ ಮಗ, ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿದ್ದ ಅಪ್ಪನ ಯೆಜ್ಡಿಯನ್ನ ಹೊರಗೆ ಎಳೀತಾನೆ. ಟ್ಯಾಂಕ್ ತೊಳೆದು, ಹೊಸ ಪ್ಲಗ್ ಹಾಕಿ, ನಾಲ್ಕು ಕಿಕ್ ಹೊಡೆದ್ರೆ ಗಾಡಿ ಸ್ಟಾರ್ಟೂ ಆಗುತ್ತೆ. ಆಮೇಲೆ ನೋಡಿದರೆ ಕಾರ್ಬೊರೇಟರ್ ಹಿಂದೆ ಏರ್ ಬಾಕ್ಸೇ ಇಲ್ಲ. ಯಾವತ್ತೋ ಬಿಚ್ಚಿಟ್ಟಿದ್ದು ಗುಜರಿಗೆ ಹೋಗಿದೆ. ‘ಅದಿಲ್ದಿದ್ರೂ ಓಡುತ್ತೆ ಬುಡಿ’ ಅಂತಾರೆ ಒಬ್ಬರು. ‘ಬೇರೆ ಗಾಡೀದು ಐತೆ, ವೆಲ್ಡಿಂಗ್ ಹೊಡ್ದು ಕೂರ್ಸೋಣ’ ಅಂತಾರೆ ಇನ್ನೊಬ್ಬರು. ಯಾರ ಮಾತು ಕೇಳಿದರೂ ಕೊನೆಗೆ ಏಟು ಬೀಳೋದು ಎಂಜಿನ್ನಿಗೆ.

ಬೇರೆ ಗಾಡಿಯ ಬಾಕ್ಸ್ ಹಾಕಲೇಬಾರದು ಅಂತೇನಿಲ್ಲ. ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ನಡೆಯುತ್ತೆ. ಆದರೆ ಡಬ್ಬಿ ಫ್ರೇಮಿನೊಳಗೆ ಹಿಡಿಸಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಎಂಜಿನ್ನಿಗೆ ಬೇಕಾದಷ್ಟು ಗಾಳಿ, ಸೋಸಿದ ಗಾಳಿ, ಒಂದೇ ದಾರಿಯಲ್ಲಿ ಹೋಗುತ್ತಾ ಅನ್ನೋದನ್ನ ನೋಡಬೇಕು.

ಸರಿಯಾದ ಬಾಕ್ಸ್ ಯಾಕೆ ಸಿಗ್ತಿಲ್ಲ?

ನಮ್ಮ ಕಡೆ ಹಳೇ ಬೈಕ್ ಅಂದರೆ ಮೊದಲು ನೆನಪಾಗೋದು ಜಾವಾ ಮತ್ತು ಯೆಜ್ಡಿ. ಪಕ್ಕದ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿಗಳು. ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಜಾವಾ ಲೈಸೆನ್ಸ್ ಪಡೆದು 1961ರಲ್ಲಿ ಉತ್ಪಾದನೆ ಶುರು ಮಾಡಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆವತ್ತಿನಿಂದ ಕಂಪನಿ ಸ್ಪೇರ್ ಅನ್ನೋದು ಇಲ್ಲ. ಈಗ ಸಿಗೋದು ಹಳೇ ಸ್ಟಾಕು, ಬಿಚ್ಚಿದ ಗಾಡಿಯ ಮಾಲು, ಇಲ್ಲಾ ಅಚ್ಚು ನೋಡಿ ಮಾಡಿದ ನಕಲು.

ಯೆಜ್ಡಿ ಅಂದರೆ ಎಲ್ಲವೂ ಒಂದೇ ಅಲ್ಲ. ಹಳೇ ಜಾವಾದಲ್ಲಿ ಕಾರ್ಬೊರೇಟರ್ ಕವರಿನೊಳಗೆ ಮುಚ್ಚಿಕೊಂಡಿರುತ್ತೆ. ಆಮೇಲೆ ಬಂದ ರೋಡ್‌ಕಿಂಗ್ ತರಹದ ಮಾಡೆಲ್‌ಗಳ ಜೋಡಣೆಯೇ ಬೇರೆ. ಕೆಲವಕ್ಕೆ ಮೂಲದ ಜಿಕೋವ್ ಕಾರ್ಬೊರೇಟರ್ ಇದ್ದರೆ, ಕೆಲವಕ್ಕೆ ಮೆಕ್ಯಾನಿಕ್‌ಗಳು ಬೇರೆಯದು ಹಾಕಿರ್ತಾರೆ. ಹಾಗಾಗಿ ಯೆಜ್ಡಿ ಬಾಕ್ಸೇ ಸಿಕ್ಕಿದರೂ ನಿಮ್ಮ ಯೆಜ್ಡಿಗೆ ಕೂರದೇ ಇರಬಹುದು.

ಬಾಕ್ಸ್ ಇಲ್ಲದಿದ್ದರೆ ಏನಾಗುತ್ತೆ?

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಲೀಟರಿನಲ್ಲಿ ಹೇಳುವುದಾದರೆ ಸುಮಾರು 9,000 ಲೀಟರ್ ಗಾಳಿ. 250 ಸಿ.ಸಿ. ಟು-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉಸಿರು ಎಳೆಯುತ್ತೆ. ನಿಮಿಷಕ್ಕೆ 4,000 ಸುತ್ತು ಓಡಿದರೆ ಲೆಕ್ಕದ ಪ್ರಕಾರ 1,000 ಲೀಟರ್‌ವರೆಗೆ ಗಾಳಿ ಒಳಗೆ ಹೋಗಬಹುದು.

ಆ ಗಾಳಿ ಎಂಥದ್ದು ಅಂತ ಯೋಚನೆ ಮಾಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್ ಓಡಿಸುವಂತಿಲ್ಲ. ಮದ್ದೂರಿಂದ ಮಂಡ್ಯಕ್ಕೆ ಬರಬೇಕಾದರೂ ಸರ್ವೀಸ್ ರಸ್ತೆಯೇ ಗತಿ. ಮುಂದೆ ಕಬ್ಬಿನ ಲೋಡಿನ ಟ್ರ್ಯಾಕ್ಟರ್ ಹೋಗ್ತಾ ಇದ್ದರೆ ಹಿಂದೆ ಬರೋ ಬೈಕಿಗೆ ಮಣ್ಣು, ಸೋಗೆ ಚೂರು ಎಲ್ಲಾ ಸಿಗುತ್ತೆ. ಮಳವಳ್ಳಿ ಕಡೆಯ ಹಳ್ಳಿ ರಸ್ತೆಗಳ ಕತೆ ಹೇಳೋದೇ ಬೇಡ.

ಟು-ಸ್ಟ್ರೋಕಿನಲ್ಲಿ ಇನ್ನೊಂದು ತೊಂದರೆ ಇದೆ. ಒಳಗೆ ಹೋದ ಗಾಳಿ ನೇರ ಸಿಲಿಂಡರಿಗೆ ಹೋಗಲ್ಲ, ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗುತ್ತೆ. ಅಂದರೆ ಧೂಳು ಮೊದಲು ತಿನ್ನೋದು ಕ್ರ್ಯಾಂಕ್ ಬೇರಿಂಗನ್ನ, ಆಮೇಲೆ ಪಿಸ್ಟನ್, ರಿಂಗು, ಬೋರನ್ನ. ಬೋರು ಸವೆದರೆ ಮತ್ತೆ ಬೋರಿಂಗ್ ಮಾಡಿಸಬಹುದು. ಕ್ರ್ಯಾಂಕ್ ಹೋದರೆ ಇಡೀ ಎಂಜಿನ್ ಬಿಚ್ಚಬೇಕು. ಈ ಗಾಡಿಗಳಿಗೆ ಆ ಸಾಮಾನು ಹುಡುಕೋದೇ ಒಂದು ಯಾತ್ರೆ.

ಅಳತೆ ಮೊದಲು, ಕತ್ತರಿಸೋದು ಆಮೇಲೆ

ಬೇರೆ ಬಾಕ್ಸ್ ತರುವ ಮುಂಚೆ ಚೀಟಿಯಲ್ಲಿ ನಾಲ್ಕು ಅಳತೆ ಬರ್ಕೊಳ್ಳಿ. ಕಾರ್ಬೊರೇಟರಿನ ಹಿಂಬಾಯಿಯ ಹೊರ ವ್ಯಾಸ, ಅದರ ಒಳ ವ್ಯಾಸ, ಆ ಬಾಯಿಂದ ಬಾಕ್ಸ್ ಕೂರುವ ಜಾಗಕ್ಕೆ ಇರುವ ದೂರ, ಫ್ರೇಮಿನಲ್ಲಿರುವ ಬೋಲ್ಟ್ ತೂತುಗಳ ಅಂತರ. ಟೇಪಿನಲ್ಲಿ ಅಂದಾಜು ಮಾಡಬೇಡಿ. ಲೇತ್ ಅಂಗಡಿಯಲ್ಲಿ ವರ್ನಿಯರ್ ಇರುತ್ತೆ, ಅದರಲ್ಲೇ ಅಳೆಸಿ.

ಬಾಕ್ಸು ಗಾಳಿ ಎಳೆಯುವ ಬಾಯಿಯ ಅಳತೆಯನ್ನ ಬಹಳ ಜನ ನೋಡೋದೇ ಇಲ್ಲ. ಉದಾಹರಣೆಗೆ ಕಾರ್ಬೊರೇಟರ್ ದಾರಿ 26 ಮಿ.ಮೀ. ಇದೆ ಅಂತಿಟ್ಕೊಳ್ಳಿ. ಅದರ ವಿಸ್ತೀರ್ಣ ಸುಮಾರು 5.3 ಚದರ ಸೆಂ.ಮೀ. ನೀವು ತಂದ ಸಣ್ಣ ಗಾಡಿಯ ಬಾಕ್ಸಿನ ಬಾಯಿ 20 ಮಿ.ಮೀ. ಇದ್ದರೆ ವಿಸ್ತೀರ್ಣ ಬರೀ 3.1 ಚದರ ಸೆಂ.ಮೀ. ಅಗಲದಲ್ಲಿ ಆರೇ ಮಿ.ಮೀ. ಕಮ್ಮಿ, ಆದರೆ ದಾರಿ ಶೇ 40ರಷ್ಟು ಚಿಕ್ಕದಾಯ್ತು. ಆ ಗಾಡಿ ಅರ್ಧ ಆಕ್ಸಿಲರೇಟರ್ ದಾಟಿದ ಮೇಲೆ ಕೆಮ್ಮುತ್ತೆ, ಪೆಟ್ರೋಲ್ ಕುಡಿಯುತ್ತೆ, ಕಪ್ಪು ಹೊಗೆ ಬಿಡುತ್ತೆ. ಆದ್ದರಿಂದ ಬಾಕ್ಸಿನ ಬಾಯಿ ಕಾರ್ಬೊರೇಟರ್ ದಾರಿಗಿಂತ ಚಿಕ್ಕದಿರಬಾರದು. ಹಾಗಂತ ಸಿಕ್ಕ ಕಡೆ ಡ್ರಿಲ್ ಮಾಡಿ ತೂತು ಹೊಡೆಯೋದೂ ತಪ್ಪು. ಆಗ ಗಾಳಿ ಜಾಸ್ತಿಯಾಗಿ ಮಿಶ್ರಣ ತೆಳುವಾಗುತ್ತೆ.

ಮೊದಲು ರಟ್ಟಿನಲ್ಲಿ ಬಾಕ್ಸಿನ ಆಕಾರ ಕತ್ತರಿಸಿ ಜಾಗದಲ್ಲಿ ಇಟ್ಟು ನೋಡಿ. ಹಿಂದೆ ಇಬ್ಬರು ಕೂತಾಗ ಚಕ್ರ ಮೇಲೆ ಬಂದು ತಾಗುತ್ತಾ, ಸೀಟಿನ ತಳ ಒತ್ತುತ್ತಾ, ಫಿಲ್ಟರ್ ಬಿಚ್ಚಲು ಕೈ ಹೋಗುತ್ತಾ ಅಂತ ಪರೀಕ್ಷಿಸಿ. ಕೈ ಹೋಗದ ಜಾಗದಲ್ಲಿ ಫಿಲ್ಟರ್ ಇದ್ದರೆ ಅದನ್ನ ಯಾರೂ ತೊಳೆಯಲ್ಲ.

ಸೈಕಲ್ ಟ್ಯೂಬ್ ಸುತ್ತಬೇಡಿ

ಬಾಕ್ಸಿಗೂ ಕಾರ್ಬೊರೇಟರಿಗೂ ನಡುವೆ ಇರುವ ರಬ್ಬರ್ ಬೂಟೇ ಈ ಕೆಲಸದ ಜೀವ. ಎರಡೂ ಬಾಯಿ ಅಳತೆ ಹೊಂದದಿದ್ದಾಗ ನಮ್ಮ ಕಡೆ ಮಾಡುವ ಮೊದಲ ಉಪಾಯ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿಯೋದು. ಎರಡನೇದು ಟ್ರ್ಯಾಕ್ಟರ್ ರೇಡಿಯೇಟರ್ ಹೋಸ್ ತುಂಡು ಮಾಡಿ ಹಾಕೋದು. ಎರಡೂ ನಿಲ್ಲಲ್ಲ. ಕಾರ್ಬೊರೇಟರ್ ಬಾಯಿಂದ ಪೆಟ್ರೋಲ್, ಆಯಿಲ್ ಹನಿ ಹಿಂದಕ್ಕೆ ಸಿಡೀತಾನೇ ಇರುತ್ತೆ. ಟ್ಯೂಬಿನ ರಬ್ಬರ್ ಅದನ್ನ ಕುಡಿದು ಉಬ್ಬಿ ಮೆತ್ತಗಾಗುತ್ತೆ. ರೇಡಿಯೇಟರ್ ಹೋಸಿಗೆ ಸಾಮಾನ್ಯವಾಗಿ ಬಳಸುವ ಇ.ಪಿ.ಡಿ.ಎಂ. ರಬ್ಬರ್ ಬಿಸಿನೀರಿಗೆ ಗಟ್ಟಿ, ಪೆಟ್ರೋಲಿಗಲ್ಲ.

ಬೇಕಾಗಿರೋದು ನೈಟ್ರೈಲ್ ರಬ್ಬರ್. ಪೆಟ್ರೋಲ್, ಆಯಿಲ್‌ಗೆ ತಡೆಯುವ ಹೋಸ್ ಅಂತ ಕೇಳಿ ತಗೊಳ್ಳಿ. ಅಳತೆಯ ವ್ಯತ್ಯಾಸವನ್ನ ರಬ್ಬರ್ ಎಳೆದು ಸರಿಮಾಡಬೇಡಿ, ಲೇತಿನಲ್ಲಿ ಅಲ್ಯೂಮಿನಿಯಂ ರಿಂಗ್ ಮಾಡಿಸಿ. ರಿಂಗಿನ ಒಳಗೆ ಮೆಟ್ಟಿಲು ಇರಬಾರದು, ಆಲಿಕೆ ಥರ ನಿಧಾನ ಇಳಿಜಾರು ಇರಬೇಕು. ಬೂಟ್ ಆದಷ್ಟು ನೇರವಾಗಿರಲಿ. ತಿರುವು ಇದ್ದರೆ ಎಂಜಿನ್ ಎಳೆದಾಗ ಅಲ್ಲೇ ಚಪ್ಪಟೆಯಾಗಿ ಉಸಿರು ಕಟ್ಟುತ್ತೆ. ಎರಡೂ ತುದಿಗೆ ಸ್ಕ್ರೂ ಕ್ಲಾಂಪ್ ಹಾಕಿ.

ಫ್ರೇಮಿಗೆ ವೆಲ್ಡಿಂಗ್ ಬೇಡ

ಬಾಕ್ಸಿನ ಭಾರ ಕಾರ್ಬೊರೇಟರ್ ಮೇಲೆ ನೇತಾಡಬಾರದು. ಎರಡು–ಮೂರು ಮಿ.ಮೀ. ದಪ್ಪದ ತಗಡಿನಲ್ಲಿ ಬ್ರಾಕೆಟ್ ಮಾಡಿಸಿ, ಫ್ರೇಮಿನಲ್ಲಿ ಈಗಾಗಲೇ ಇರುವ ತೂತಿಗೇ ಬೋಲ್ಟ್ ಹಾಕಿ. ಬೋಲ್ಟಿನ ಕೆಳಗೆ ರಬ್ಬರ್ ವಾಷರ್ ಇರಲಿ, ಇಲ್ಲದಿದ್ದರೆ ನಡುಕಕ್ಕೆ ಬಾಕ್ಸ್ ಸೀಳುತ್ತೆ. ಬಾಕ್ಸಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತಿದ್ದರೆ ಮುಚ್ಚಬೇಡಿ. ಗಾಳಿ ಎಳೆಯುವ ಬಾಯಿ ಹಿಂದಿನ ಚಕ್ರದ ಕಡೆ ತಿರುಗಿರಬಾರದು.

ಫ್ರೇಮ್ ಕುಯ್ಯಬೇಡಿ ಅನ್ನೋದಕ್ಕೆ ಗಟ್ಟಿತನದ ಜೊತೆಗೆ ಕಾಗದದ ಕಾರಣವೂ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮವನ್ನ ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಅಂಥ ಗಾಡಿಯ ನಂಬರಿನಲ್ಲಿ ‘ವಿ.ಎ.’ ಅಕ್ಷರ ಬರುತ್ತೆ. ಅದಕ್ಕೆ ಮುಖ್ಯ ಷರತ್ತು: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. 1960ರ ದಶಕದ ಜಾವಾ ಮನೆಯಲ್ಲಿದ್ದರೆ, ಒಂದು ಡಬ್ಬಿ ಕೂರಿಸೋಕೆ ಫ್ರೇಮಿನ ಕಿವಿ ಕುಯ್ದು ಆ ಅವಕಾಶ ಕಳ್ಕೋಬೇಡಿ. ಬೋಲ್ಟ್ ಹಾಕಿದ ಬ್ರಾಕೆಟ್ ನಾಳೆ ಒರಿಜಿನಲ್ ಬಾಕ್ಸ್ ಸಿಕ್ಕಿದಾಗ ಬಿಚ್ಚಬಹುದು. ಇನ್ನೊಂದು ಮಾತು, ವಿಂಟೇಜ್ ನೋಂದಣಿ ಪಡೆದ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗದ್ದೆಗೆ, ಸಂತೆಗೆ ಓಡಿಸುವ ಗಾಡಿಯಾದರೆ ಮಾಮೂಲಿ ಆರ್‌ಸಿ ನವೀಕರಣವೇ ಸರಿ.

ಲೀಕ್ ಹುಡುಕೋದು ಹೇಗೆ?

ಇದಕ್ಕೆ ಯಾವ ಮಿಷಿನ್ನೂ ಬೇಡ. ಕತ್ತಲಲ್ಲಿ ಬಾಕ್ಸಿನೊಳಗೆ ಸಣ್ಣ ಟಾರ್ಚ್ ಹಾಕಿ ಮುಚ್ಚಳ ಬಿಗಿಯಿರಿ. ಅಂಚಿನಲ್ಲಿ, ಕೀಲಿನಲ್ಲಿ ಬೆಳಕು ಕಂಡರೆ ಧೂಳಿಗೂ ಅಲ್ಲೇ ದಾರಿ.

ಎರಡನೇ ಪರೀಕ್ಷೆ: ಟಾರ್ಚ್ ತೆಗೆದು, ಗಾಡಿ ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಡಿ. ಬಾಕ್ಸ್ ಗಾಳಿ ಎಳೆಯುವ ಬಾಯಿಯನ್ನ ಅಂಗೈಯಿಂದ ಪೂರ್ತಿ ಮುಚ್ಚಿ. ಎಂಜಿನ್ ಉಸಿರು ಕಟ್ಟಿ ಆಫ್ ಆಗಬೇಕು. ಆಗದೇ ಓಡ್ತಾನೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಎಳೀತಿದೆ ಅಂತ ಅರ್ಥ. ಕಾರ್ಬೊರೇಟರಿಗಿಂತ ಹಿಂದೆ ಲೀಕ್ ಇದ್ದರೆ ಧೂಳು ಒಳಗೆ ಹೋಗುತ್ತೆ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಲೀಕ್ ಇದ್ದರೆ ಇನ್ನೂ ಅಪಾಯ, ಪೆಟ್ರೋಲ್ ಸೇರದ ಬರೀ ಗಾಳಿ ಒಳಗೆ ಹೋಗುತ್ತೆ. ಲೀಕ್ ಹುಡುಕೋಕೆ ಅಂತ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸೋದು ಮಾತ್ರ ಬೇಡ. ಬೆಂಕಿಯ ಜೊತೆ ಆಟ ಅದು.

ಕೊನೇ ಮಾತು ಪ್ಲಗ್ಗಿನದು

ಬಾಕ್ಸ್ ಬದಲಾದರೆ ಗಾಳಿ ಬದಲಾಗುತ್ತೆ, ಗಾಳಿ ಬದಲಾದರೆ ಜೆಟ್ ನೋಡಲೇಬೇಕು. ಈ ಎಂಜಿನ್ನುಗಳಲ್ಲಿ ಆಯಿಲನ್ನ ಪೆಟ್ರೋಲಿಗೇ ಬೆರೆಸಿ ಹಾಕ್ತೀವಿ. ಹಾಗಾಗಿ ಪೆಟ್ರೋಲ್ ಕಮ್ಮಿ ಹೋದರೆ ಆಯಿಲೂ ಕಮ್ಮಿ ಹೋಗುತ್ತೆ. ಮಿಶ್ರಣ ತೆಳುವಾದಾಗ ಬಿಸಿ ಏರುತ್ತೆ, ಅದೇ ಹೊತ್ತಿಗೆ ಜಿಡ್ಡು ಇಳಿಯುತ್ತೆ. ಪಿಸ್ಟನ್ ಸೀಜ್ ಆಗೋದು ಹೀಗೆ. ಓಡುವಾಗ ಸೀಜ್ ಆದರೆ ಹಿಂದಿನ ಚಕ್ರ ಲಾಕ್ ಆಗುತ್ತೆ. ಆಗ ಹೋಗೋದು ಪಿಸ್ಟನ್ ಮಾತ್ರ ಅಲ್ಲ, ಸವಾರನ ಜೀವಕ್ಕೂ ಕುತ್ತು.

ಅದಕ್ಕೇ ಯಾವತ್ತೂ ದೊಡ್ಡ ಮೇನ್ ಜೆಟ್‌ನಿಂದ ಶುರು ಮಾಡಿ ಒಂದೊಂದೇ ಅಳತೆ ಇಳಿಸುತ್ತಾ ಬನ್ನಿ. ಸಣ್ಣದರಿಂದ ಶುರು ಮಾಡಿ ಏರಿಸಬೇಡಿ. ಖಾಲಿ ರಸ್ತೆಯಲ್ಲಿ ಎಂಜಿನ್ ಬಿಸಿಯಾದ ಮೇಲೆ ಸ್ವಲ್ಪ ದೂರ ಆಕ್ಸಿಲರೇಟರ್ ಎಳೆದು ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ನಿಂತು ಪ್ಲಗ್ ಬಿಚ್ಚಿ. ಬಿಳಿ ಇದ್ದರೆ ಮಿಶ್ರಣ ತೆಳು, ಗಾಡಿ ಓಡಿಸಬೇಡಿ, ದೊಡ್ಡ ಜೆಟ್ ಹಾಕಿ. ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ. ಕಾಫಿ ಬಣ್ಣ ಇದ್ದರೆ ಸರಿ. ಈ ಪರೀಕ್ಷೆ ಮುಗಿಯೋವರೆಗೂ ಎಡಗೈ ಬೆರಳು ಕ್ಲಚ್ ಮೇಲೇ ಇರಲಿ. ಎಂಜಿನ್ ಬಿಗಿ ಹಿಡಿದ ಹಾಗನಿಸಿದ ತಕ್ಷಣ ಕ್ಲಚ್ ಒತ್ತಬೇಕು.

ಹೊಗೆ ತಪಾಸಣೆಗೂ ಇದೇ ಲೆಕ್ಕ. 2000ದ ಮಾರ್ಚ್ 31ಕ್ಕೆ ಮುಂಚೆ ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5, ಹೈಡ್ರೋಕಾರ್ಬನ್ ಮಿತಿ 9,000 ಪಿಪಿಎಂ. ಬಾಯಿ ಕಿರಿದಾದ ಬಾಕ್ಸ್ ಹಾಕಿದ ಗಾಡಿ ಮೊದಲನೇದರಲ್ಲೇ ಫೇಲಾಗಬಹುದು.

ಅಂಗಡಿಯವರಿಗೂ ಒಂದು ಮಾತು

‘ಜಾವಾ ಏರ್ ಫಿಲ್ಟರ್ ಕೊಡಿ’ ಅಂತ ಗಿರಾಕಿ ಬಂದರೆ ಯಾವ ವರ್ಷದ ಗಾಡಿ ಅಂತ ಕೇಳಿ. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಜಾವಾ ಫೋರ್-ಸ್ಟ್ರೋಕ್, ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಹೆಸರೊಂದೇ, ಸಾಮಾನು ಬೇರೆ. ಹಳೇ ಗಾಡಿಯವರಿಗೆ ಬೂಟ್ ಕೊಡುವಾಗ ಎರಡೂ ತುದಿಯ ಅಳತೆ ಕೇಳಿ, ಪೆಟ್ರೋಲಿಗೆ ತಡೆಯುವ ರಬ್ಬರನ್ನೇ ಕೊಡಿ. ಬಾಕ್ಸು ಬಿಟ್ಟು ಕೋನ್ ಫಿಲ್ಟರ್ ಒಂದೇ ಕೊಟ್ಟರೆ ಜೆಟ್ ಬದಲಿಸಬೇಕು ಅಂತಲೂ ಹೇಳಿ ಕಳಿಸಿ.

ಇಷ್ಟೆಲ್ಲಾ ಮಾಡೋಕೆ ಬೇಕಾಗಿರೋದು ಲೇತಿನ ಒಂದು ರಿಂಗು, ಒಂದು ತುಂಡು ಒಳ್ಳೇ ಹೋಸು, ಎರಡು ಕ್ಲಾಂಪು, ಒಂದು ಬ್ರಾಕೆಟ್ಟು ಮತ್ತು ಒಂದೆರಡು ಜೆಟ್ಟು. ಒಂದು ದಿನದ ಕೆಲಸ. ಆಮೇಲೆ 500 ಕಿ.ಮೀ. ಓಡಿದ ಮೇಲೆ ಬೂಟಿನ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ ನೋಡಿ. ಬಟ್ಟೆಗೆ ಆಯಿಲ್ ಜಿಡ್ಡು ಮಾತ್ರ ಅಂಟಿದರೆ ಚಿಂತೆಯಿಲ್ಲ. ಮಣ್ಣು ಬಂದರೆ ಆವತ್ತೇ ಗಾಡಿ ನಿಲ್ಲಿಸಿ ಮತ್ತೆ ಟಾರ್ಚ್ ಹಿಡಿಯಿರಿ.